ಕೊಡಗಿನ ತೋಟದಲ್ಲಿ ಜಿಪಿಎಸ್ ಮತ್ತು ನಾವಿಕ್: ಎಷ್ಟು ನಂಬಬಹುದು, ಹೇಗೆ ಪರೀಕ್ಷಿಸಬೇಕು

ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಮೀನಿನ) ಅಂಚು ಎಲ್ಲಿ ಮುಗಿಯುತ್ತದೆ ಎಂದು ನೋಡುವುದಕ್ಕೆ, ಮಳೆಗಾಲದಲ್ಲಿ ಗುಡ್ಡ ಜರಿದ ಜಾಗವನ್ನು ಊರಿಗೆಲ್ಲ ತಿಳಿಸುವುದಕ್ಕೆ, ತೋಟದ ಯಾವ ಭಾಗದಲ್ಲಿ ಆನೆ ಇಳಿದಿದೆ ಎಂದು ಹೇಳುವುದಕ್ಕೆ ಈಗ ಎಲ್ಲರೂ ಫೋನನ್ನೇ ತೆಗೆಯುತ್ತಾರೆ. ಫೋನ್ ತೋರಿಸುವ ಜಾಗ ಸರಿ ಬರಬೇಕಾದರೆ ಎರಡು ಕಡೆ ಕೆಲಸ ಸರಿಯಾಗಿರಬೇಕು: ಒಂದು ನಮ್ಮ ತಲೆಯ ಮೇಲಿನ ಮರ ಮತ್ತು ಗುಡ್ಡದ ನಡುವಿನ ಆಕಾಶ, ಇನ್ನೊಂದು ಆ ಆಕಾಶದಲ್ಲಿರುವ ಉಪಗ್ರಹಗಳ ಆರೋಗ್ಯ. ಮೊದಲನೆಯದನ್ನು ನಾವೇ ಸುಧಾರಿಸಿಕೊಳ್ಳಬಹುದು. ಎರಡನೆಯದು ಸರ್ಕಾರಗಳ ಕೈಯಲ್ಲಿದೆ. ಆದರೆ ಅದು ಹೇಗಿದೆ ಎಂದು ಪರೀಕ್ಷಿಸುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ನಮಗೆ ದಾರಿಯಿದೆ.

ಮೊದಲು ಉಪಗ್ರಹಗಳ ವಿಷಯ. ಜಿಪಿಎಸ್ ಹಾಗೆಯೇ ಜಾಗ ಹೇಳುವ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹಾರಿದ್ದು 2013ರ ಜುಲೈ 1ರಂದು. ಏಳನೆಯದು 2016ರ ಏಪ್ರಿಲ್‌ನಲ್ಲಿ ಹಾರಿತು. ಮೊದಲ ತಲೆಮಾರಿನ ಈ ಉಪಗ್ರಹಗಳಿಗೆ ಹಾಕಿಕೊಂಡಿದ್ದ ಆಯಸ್ಸು 10 ವರ್ಷ. ಅದು ಮುಗಿಯುವುದಕ್ಕೂ ಮೊದಲೇ ತೊಂದರೆ ಶುರುವಾಯಿತು: 1ಎಯಲ್ಲಿದ್ದ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೈಕೊಟ್ಟವು. ಉಪಗ್ರಹದಿಂದ ಜಾಗ ಹೇಳುವ ವ್ಯವಸ್ಥೆಯಲ್ಲಿ ಗಡಿಯಾರವೇ ಎಲ್ಲ. ಫೋನ್ ದೂರವನ್ನು ಅಳೆಯುವುದು ಸಂಕೇತ ಬಂದು ತಲುಪಲು ಹಿಡಿದ ಸಮಯದಿಂದ. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಹೀಗಾಗಿ ಗಡಿಯಾರ ನಿಂತ ಉಪಗ್ರಹ ಕಕ್ಷೆಯಲ್ಲಿ ಸುತ್ತುತ್ತಿದ್ದರೂ ಸ್ಥಾನ ಹೇಳುವ ಕೆಲಸಕ್ಕೆ ಬರುವುದಿಲ್ಲ. ಹೆಚ್ಚೆಂದರೆ ಚಂಡಮಾರುತದ ಎಚ್ಚರಿಕೆಯಂಥ ಕಿರು ಸಂದೇಶ ಕಳಿಸಲು ಉಪಯೋಗಕ್ಕೆ ಬರುತ್ತದೆ.

1ಎಯ ಜಾಗ ತುಂಬಲು 2017ರ ಆಗಸ್ಟ್‌ನಲ್ಲಿ ಕಳಿಸಿದ 1ಎಚ್, ರಾಕೆಟ್ಟಿನ ಶಾಖಕವಚ ಬೇರ್ಪಡದೆ ಒಳಗೇ ಸಿಕ್ಕಿಕೊಂಡಿತು. 2023ರ ಮೇ 29ರಂದು ಹೋದ ಎರಡನೇ ತಲೆಮಾರಿನ ಎನ್‌ವಿಎಸ್-01 ನಮ್ಮಲ್ಲೇ ತಯಾರಾದ ಪರಮಾಣು ಗಡಿಯಾರ ಹೊತ್ತು ಚೆನ್ನಾಗಿ ನೆಲೆಯೂರಿತು. 2025ರ ಜನವರಿ 29ರ ಎನ್‌ವಿಎಸ್-02 ಶ್ರೀಹರಿಕೋಟಾದ 100ನೇ ಉಡಾವಣೆ. ರಾಕೆಟ್ ತನ್ನ ಕೆಲಸ ಮಾಡಿತು, ಆದರೆ ಉಪಗ್ರಹದ ಎಂಜಿನ್‌ಗೆ ಆಕ್ಸಿಡೈಸರ್ (ಇಂಧನ ಉರಿಯಲು ಬೇಕಾದ ದ್ರವ) ಬಿಡುವ ವಾಲ್ವ್ ತೆರೆಯದ ಕಾರಣ ಅದು ಸೇರಬೇಕಾದ ಕಕ್ಷೆ ಸೇರಲಿಲ್ಲ. 2025ರ ಜುಲೈನಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಸ್ಥಾನಸೇವೆ ಕೊಡುತ್ತಿದ್ದದ್ದು ನಾಲ್ಕೇ ಉಪಗ್ರಹ.

ನಾಲ್ಕು ಎಂದರೆ ಕನಿಷ್ಠ ಲೆಕ್ಕ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಫೋನಿನ ಗಡಿಯಾರದ ತಪ್ಪು, ಈ ನಾಲ್ಕು ಗೊತ್ತಾಗಲು ನಾಲ್ಕು ಉಪಗ್ರಹ ಬೇಕೇ ಬೇಕು. ಐದನೆಯದು ಇದ್ದರೆ ಮಾತ್ರ ಯಾವುದೋ ಒಂದು ಸುಳ್ಳು ಹೇಳುತ್ತಿದೆ ಎಂದು ಪತ್ತೆ ಹಚ್ಚಬಹುದು. ನಾಲ್ಕರಲ್ಲಿ ಒಂದು ಗುಡ್ಡದ ಹಿಂದೆ ಮರೆಯಾದರೂ ನಾವಿಕ್ ಒಂದನ್ನೇ ನಂಬಿ ಜಾಗ ಹೇಳಲು ಆಗುವುದಿಲ್ಲ.

ಅಮೆರಿಕದ ಜಿಪಿಎಸ್ ಕೂಡ ಇಂಥದೇ ಆತಂಕ ಕಂಡಿದೆ. ಹೊಸ ಉಪಗ್ರಹಗಳು ತಡವಾಗುತ್ತಿರುವುದರಿಂದ 2010ರಿಂದಲೇ ಸಂಖ್ಯೆ 24ಕ್ಕಿಂತ ಕೆಳಗೆ ಇಳಿಯಬಹುದು ಎಂದು ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2009ರಲ್ಲಿ ಎಚ್ಚರಿಸಿತ್ತು. ಹಾಗಾಗಲಿಲ್ಲ. ಏಳೂವರೆ ವರ್ಷಕ್ಕೆಂದು ಕಟ್ಟಿದ ಹಳೆಯ ಉಪಗ್ರಹಗಳಲ್ಲಿ ಕೆಲವು 20 ವರ್ಷ ದಾಟಿ ದುಡಿದವು. ಅದು ಅವುಗಳನ್ನು ಕಟ್ಟಿದವರ ಕೈಚಳಕ. ಬದಲಿ ಉಪಗ್ರಹವನ್ನು ಹೊತ್ತಿಗೆ ಸರಿಯಾಗಿ ಕಳಿಸದ ಆಡಳಿತಕ್ಕೆ ಅದರಿಂದ ಸಮಾಧಾನ ಸಿಗಬಾರದು.

ಕಾಫಿ ಕಣದಲ್ಲಿ ಮಾಡುವ ಪರೀಕ್ಷೆ

ಕೊಡಗಿನ ತೋಟದಲ್ಲಿ ಆಕಾಶ ಪೂರ್ತಿ ಕಾಣುವ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಪರೀಕ್ಷೆ ಅಲ್ಲೇ ಆಗಲಿ. ಆಂಡ್ರಾಯ್ಡ್ ಫೋನಿನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಲೊಕೇಶನ್ ಸೆಟ್ಟಿಂಗ್‌ನಲ್ಲಿ ಗೂಗಲ್ ಲೊಕೇಶನ್ ಅಕ್ಯುರೆಸಿಯನ್ನು ಸ್ವಲ್ಪ ಹೊತ್ತು ಆರಿಸಿ. ಅದು ಹಚ್ಚಿದ್ದರೆ ಫೋನ್ ಮೊಬೈಲ್ ಟವರ್ ಮತ್ತು ವೈಫೈ ನೋಡಿಯೂ ಜಾಗ ಊಹಿಸುತ್ತದೆ. ಟವರ್ ದೂರವಿರುವ ನಮ್ಮ ಕಡೆ ಆ ಊಹೆ ಕಿಲೋಮೀಟರ್‌ಗಟ್ಟಲೆ ತಪ್ಪಬಹುದು. ಬ್ಯಾಟರಿ ಸೇವರನ್ನೂ ಆರಿಸಿ. ಲೋಹದ ಕವರ್ ಇದ್ದರೆ ತೆಗೆಯಿರಿ. ಕಣದ ನಡುವೆ, ಗೋದಾಮಿನ ಶೀಟಿನ ಮಾಡಿನಿಂದ ಕನಿಷ್ಠ 15 ಮೀಟರ್ ದೂರ ನಿಂತು ಐದು ನಿಮಿಷ ಕಾಯಿರಿ. ಶೀಟಿಗೆ ಬಡಿದು ಬರುವ ಸಂಕೇತ ನೇರವಾಗಿ ಬಂದದ್ದಕ್ಕಿಂತ ತಡವಾಗಿ ತಲುಪುತ್ತದೆ, ಫೋನ್ ಅದನ್ನೇ ನಿಜವೆಂದುಕೊಂಡು ಜಾಗವನ್ನು ಪಕ್ಕಕ್ಕೆ ಸರಿಸುತ್ತದೆ.

ಸ್ಟೇಟಸ್ ಪುಟದಲ್ಲಿ ಪ್ರತಿ ಉಪಗ್ರಹದ ಮುಂದೆ ಆಯಾ ದೇಶದ ಬಾವುಟ ಕಾಣುತ್ತದೆ: ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದು, ನಮ್ಮ ತ್ರಿವರ್ಣದ ಮುಂದೆ ನಾವಿಕ್. ನೋಡಬೇಕಾದ ಕಂಬಸಾಲು ಎರಡು. ಮೊದಲನೆಯದು ಸಂಕೇತದ ಬಲ. ಬಯಲಿನಲ್ಲಿ 35ರಿಂದ 45 ಡೆಸಿಬೆಲ್-ಹರ್ಟ್ಸ್ ಬರಬೇಕು. ಸಿಲ್ವರ್ ಓಕ್ ನೆರಳಿನಲ್ಲಿ 20ರಿಂದ 30ಕ್ಕೆ ಇಳಿಯುತ್ತದೆ. 20ಕ್ಕಿಂತ ಕೆಳಗಿನದು ಲೆಕ್ಕಕ್ಕಿಲ್ಲ. ಎರಡನೆಯದು ಎ, ಇ, ಯು ಎಂಬ ಮೂರು ಅಕ್ಷರಗಳ ಸಾಲು. ಯು ಎಂಬ ಅಕ್ಷರ ಇದ್ದರೆ ಮಾತ್ರ ಆ ಉಪಗ್ರಹ ನಿಮ್ಮ ಜಾಗದ ಲೆಕ್ಕದಲ್ಲಿ ಸೇರಿದೆ. ನಾವಿಕ್‌ನ ಬಾವುಟ ಕಂಡು ಯು ಇಲ್ಲದಿದ್ದರೆ ಸಂಕೇತ ಕೇಳಿಸುತ್ತಿದೆ, ಉಪಯೋಗಕ್ಕೆ ಬರುತ್ತಿಲ್ಲ ಎಂದರ್ಥ. ಬಾವುಟವೇ ಕಾಣದಿದ್ದರೆ ಫೋನಿನ ಚಿಪ್‌ಗೆ ಆ ಸಾಮರ್ಥ್ಯ ಇಲ್ಲದಿರಬಹುದು. ಹಳೆಯ ನಾವಿಕ್ ಉಪಗ್ರಹಗಳು ಫೋನಿಗೆ ಸಿಗುವುದು ಎಲ್5, ಅಂದರೆ 1176.45 ಮೆಗಾಹರ್ಟ್ಸ್‌ನಲ್ಲಿ ಮಾತ್ರ. ಎನ್‌ವಿಎಸ್ ಸರಣಿಯಿಂದ ಈಚೆಗೆ ಎಲ್1, 1575.42 ಮೆಗಾಹರ್ಟ್ಸ್ ಸೇರಿದೆ. ಹೊಸ ಫೋನ್ ಕೊಳ್ಳುವವರು ಎಲ್1 ಮತ್ತು ಎಲ್5 ಎರಡೂ ಇದೆಯೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು. ಎಲ್5ರಲ್ಲಿ ಬಡಿದು ಬಂದ ಸಂಕೇತದ ಕಾಟ ಕಡಿಮೆ.

ಆಕಾಶದ ಯಾವ ಭಾಗ ಬೇಕು ಎಂಬುದೂ ಗೊತ್ತಿರಲಿ. ನಾವಿಕ್‌ನ ಸ್ಥಿರ ಉಪಗ್ರಹಗಳ (ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವವು) ಮೂರು ನೆಲೆಗಳಲ್ಲಿ ನಡುವಿನದು, 83 ಡಿಗ್ರಿ ಪೂರ್ವ ರೇಖಾಂಶದ್ದು, ಕೊಡಗಿನಿಂದ ಬಹುತೇಕ ನೆತ್ತಿಯ ಹತ್ತಿರ, ಸುಮಾರು 73 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಪಶ್ಚಿಮದ್ದು 38 ಡಿಗ್ರಿ. ಪೂರ್ವದ್ದು 27 ಡಿಗ್ರಿಯ ಆಸುಪಾಸು. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಮೂರು ಮುಷ್ಟಿಯಷ್ಟು ಮೇಲಕ್ಕೆ ಗುಡ್ಡವೋ ಮರಗಳೋ ಪೂರ್ವವನ್ನು ಮುಚ್ಚಿದ್ದರೆ ಆ ಕಡೆಯ ಉಪಗ್ರಹ ನಿಮಗೆ ಇಲ್ಲವೆಂದೇ ಲೆಕ್ಕ. ಗಾಳಿಬೀಡು ಕಡೆಯ ಇಳಿಜಾರುಗಳಲ್ಲಿ, ಭಾಗಮಂಡಲದ ಕಣಿವೆಯಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ.

ಹೊತ್ತು ಕೂಡ ಮುಖ್ಯ. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇರುವವರು. ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿಯವರೆಗೆ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರವಾದ ಅಯಾನುಗೋಳದ ಕಲಕಾಟದಿಂದ ಸಂಕೇತ ಮಿಣುಕುತ್ತದೆ. ಅಳತೆಯ ಕೆಲಸ ಬೆಳಿಗ್ಗೆಯೇ ಆಗಲಿ. ಮೋಡ, ಮಳೆಯಿಂದ ಸಂಕೇತಕ್ಕೆ ಅಷ್ಟು ಧಕ್ಕೆಯಿಲ್ಲ. ಧಕ್ಕೆ ಕೊಡುವುದು ನೀರು ಹೀರಿಕೊಂಡ ಎಲೆಗಳು.

ಗುರುತಿನ ಕಲ್ಲು

ವ್ಯವಸ್ಥೆ ಸರಿಯಿದೆಯೋ ಇಲ್ಲವೋ ಎಂದು ವರ್ಷವಿಡೀ ತಿಳಿಯಲು ಅಗ್ಗದ ಉಪಾಯವೊಂದಿದೆ. ಕಣದ ಒಂದು ಮೂಲೆಯಲ್ಲಿ ಅಲುಗಾಡದ ಕಲ್ಲಿಗೆ ಬಣ್ಣ ಹಚ್ಚಿ ಗುರುತು ಮಾಡಿ. ಮೊದಲ ಸಲ ಬೇರೆ ಬೇರೆ ಮೂರು ದಿನ, ಬೇರೆ ಬೇರೆ ಹೊತ್ತಿನಲ್ಲಿ, ಫೋನನ್ನು ಅದರ ಮೇಲಿಟ್ಟು 10 ನಿಮಿಷ ಬಿಟ್ಟು ಓದಿಕೊಂಡು ಸರಾಸರಿ ತೆಗೆಯಿರಿ. ದಶಮಾಂಶದ ನಂತರ ಐದು ಅಂಕಿ ಬರೆಯಿರಿ. ಐದನೇ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾದರೆ ಸುಮಾರು 1.1 ಮೀಟರ್, ನಾಲ್ಕನೆಯದರಲ್ಲಾದರೆ 11 ಮೀಟರ್. ಅನಂತರ ತಿಂಗಳಿಗೊಮ್ಮೆ ಅದೇ ಕಲ್ಲಿನ ಮೇಲೆ ಓದಿ ಪುಸ್ತಕದಲ್ಲಿ ತಾರೀಕು, ಹೊತ್ತು, ಅಕ್ಷಾಂಶ, ರೇಖಾಂಶ, ಯಾವ ಬಾವುಟದ ಎಷ್ಟು ಉಪಗ್ರಹಕ್ಕೆ ಯು ಇತ್ತು ಎಂದು ಬರೆಯಿರಿ. ಬಯಲಿನಲ್ಲಿ 5 ಮೀಟರ್ ಒಳಗಿನ ಓಲಾಟ ಸಹಜ. 10 ಮೀಟರ್ ದಾಟಿದರೆ ಮರುದಿನ ಬೆಳಿಗ್ಗೆ ಇನ್ನೊಂದು ಫೋನಿನಲ್ಲಿ ನೋಡಿ. ಎರಡರಲ್ಲೂ ತಪ್ಪಿದರೆ ತೊಂದರೆ ಫೋನಿನದಲ್ಲ.

ಗಡಿ ವಿಷಯದಲ್ಲಿ ಫೋನನ್ನು ನಂಬಿ ಬೇಲಿ ಹಾಕಬೇಡಿ. ಚೌಕಾಕಾರದ ಒಂದು ಎಕರೆಯ ಒಂದು ಬದಿ 63.6 ಮೀಟರ್. ಒಂದು ಬದಿಯ ಗೆರೆ 5 ಮೀಟರ್ ಸರಿದರೆ ಹೆಚ್ಚುಕಡಿಮೆ 8 ಸೆಂಟ್ ಜಾಗ ಪಕ್ಕದವರದ್ದಾಗುತ್ತದೆ, ಅಥವಾ ಅವರದ್ದು ನಿಮ್ಮದಾಗುತ್ತದೆ. ನೆರಳಿನ ತೋಟದಲ್ಲಿ ಫೋನ್ 10 ಮೀಟರ್ ತಪ್ಪುವುದು ದಿನನಿತ್ಯದ ಮಾತು. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅದು ತುಂಬ ಅನುಕೂಲ; ಆದರೆ ಫೋನಿನ ತಪ್ಪು ಅದರಲ್ಲೂ ಸೇರಿಕೊಂಡೇ ಬರುತ್ತದೆ. ತಕರಾರು ಇದ್ದರೆ ಹದ್ದುಬಸ್ತಿಗೆ (ಸರ್ಕಾರಿ ಗಡಿ ಅಳತೆಗೆ) ಅರ್ಜಿ ಕೊಟ್ಟು ಸರ್ವೆಯವರಿಂದಲೇ ಅಳೆಸಬೇಕು. ಅವರು ಹಾಕಿದ ಕಲ್ಲಿನ ಫೋಟೊ ತೆಗೆದು, ಹತ್ತಿರದ ಎರಡು ಸ್ಥಿರ ಗುರುತುಗಳಿಂದ (ಬಾವಿಯ ಕಟ್ಟೆ, ಮನೆಯ ಮೂಲೆ) ಟೇಪು ಹಿಡಿದು ದೂರ ಬರೆದಿಟ್ಟುಕೊಳ್ಳಿ. ಯಾವ ಉಪಗ್ರಹ ಕೆಟ್ಟರೂ ಆ ಟೇಪಿನ ಅಳತೆ ಉಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಾಗ ದಾರಿ, ಕರೆಂಟು, ನೆಟ್‌ವರ್ಕ್ ಎಲ್ಲ ಒಟ್ಟಿಗೆ ಹೋದವು. ನೆಟ್‌ವರ್ಕ್ ಇದ್ದಾಗ ಫೋನ್ ಉಪಗ್ರಹಗಳ ಪಥದ ವಿವರವನ್ನು ಇಂಟರ್ನೆಟ್‌ನಿಂದ ಕ್ಷಣದಲ್ಲಿ ತಂದುಕೊಳ್ಳುತ್ತದೆ. ಇಲ್ಲದಾಗ ಅದನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಜಿಪಿಎಸ್ ಅದನ್ನು ಕಳಿಸುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ. ಒಂದು ಉಪಗ್ರಹದ ವಿವರ ಒಂದು ಸುತ್ತು ಬರಲು 30 ಸೆಕೆಂಡ್, ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಬರಲು 12.5 ನಿಮಿಷ. ನಡೆಯುತ್ತ ಮರದಡಿ ಹೋದರೆ ನಡುವೆ ಕಡಿದುಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ನೆಟ್‌ವರ್ಕ್ ಇಲ್ಲದ ದಿನ ಹೊರಡುವ ಮೊದಲೇ ಅಂಗಳದಲ್ಲಿ ಫೋನನ್ನು ಆಕಾಶಕ್ಕೆ ಮುಖ ಮಾಡಿ 15 ನಿಮಿಷ ಇಡಿ. ಒಮ್ಮೆ ಸಿಕ್ಕ ಪಥದ ವಿವರ ನಾಲ್ಕು ಗಂಟೆಯವರೆಗೆ ಚೆನ್ನಾಗಿ ಉಪಯೋಗವಾಗುತ್ತದೆ.

ಮೇ ತಿಂಗಳಲ್ಲೇ ಕೊಡಗು, ದಕ್ಷಿಣ ಕನ್ನಡ, ಹಾಸನ ಮತ್ತು ಮೈಸೂರಿನ ನಕ್ಷೆಗಳನ್ನು ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್‌ನಲ್ಲಿ ಇಳಿಸಿಟ್ಟುಕೊಳ್ಳಿ. ಮನೆ, ಕೆಲಸಗಾರರ ಲೈನ್ ಮನೆ, ಹತ್ತಿರದ ಎತ್ತರದ ಜಾಗ, ಆಂಬ್ಯುಲೆನ್ಸ್ ಬರಬಹುದಾದ ಕೊನೆಯ ತಿರುವು, ಇವುಗಳ ಅಕ್ಷಾಂಶ ರೇಖಾಂಶ ಬರೆದು ಬಾಗಿಲ ಹಿಂದೆ ಅಂಟಿಸಿ. 112ಕ್ಕೆ ಕರೆ ಮಾಡಿದಾಗ ಅದನ್ನೇ ಓದಿ ಹೇಳಬಹುದು.

ಇಲ್ಲೇ ಎಲ್ಲರೂ ಮಾಡುವ ಒಂದು ತಪ್ಪಿದೆ. ಮಡಿಕೇರಿಯ ಅಕ್ಷಾಂಶ 12 ಡಿಗ್ರಿ 25 ನಿಮಿಷ 28 ಸೆಕೆಂಡ್ ಎಂದಿಟ್ಟುಕೊಳ್ಳಿ. ಇದನ್ನು ಯಾರಾದರೂ 12.2528 ಎಂದು ಬರೆದುಕೊಂಡರೆ ರಕ್ಷಣೆಗೆ ಬಂದವರು ಸುಮಾರು 19 ಕಿಲೋಮೀಟರ್ ದಕ್ಷಿಣಕ್ಕೆ, ವಿರಾಜಪೇಟೆಯ ದಿಕ್ಕಿಗೆ ಹೋಗುತ್ತಾರೆ. ಸರಿಯಾದ ದಶಮಾಂಶ 12.42444: ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಊರಿನ ವಾಟ್ಸ್ಆ್ಯಪ್ ಗುಂಪಿನವರೆಲ್ಲ ದಶಮಾಂಶದಲ್ಲೇ ಬರೆಯುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹಳೆಯ ಕೈ ಜಿಪಿಎಸ್ ಯಂತ್ರ ಇರುವವರು ಅದರ ತಾರೀಕು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ; ಹಿಂದಿನ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ತಾರೀಕು 19 ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಗಿದ್ದರೆ ಯಂತ್ರದ ಫರ್ಮ್‌ವೇರ್ ಬದಲಿಸಬೇಕು.

ಪ್ರಶ್ನೆ ಎಲ್ಲಿ ಕೇಳಬೇಕು

ನಾವಿಕ್ ನಮ್ಮ ತೆರಿಗೆಯ ಹಣದ್ದು. ಅದರ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲಿದೆ, ಅವುಗಳ ಸಂಕೇತ ಮತ್ತು ಸಮಯ ನೋಡಿಕೊಳ್ಳುವ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ, ಬಾಹ್ಯಾಕಾಶ ಇಲಾಖೆಯ ಕಚೇರಿ ಬೆಂಗಳೂರಿನ ಅಂತರಿಕ್ಷ ಭವನದಲ್ಲಿದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಕೇಂದ್ರದ ಆರ್‌ಟಿಐ ಆನ್‌ಲೈನ್ ತಾಣದಲ್ಲಿ ಬಾಹ್ಯಾಕಾಶ ಇಲಾಖೆ ಆರಿಸಿ ಹಾಕಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಇಲ್ಲ. ಬರಹ 3000 ಅಕ್ಷರ ಮೀರಬಾರದು.

ಅಭಿಪ್ರಾಯ ಕೇಳುವ ಪ್ರಶ್ನೆಗೆ ಉತ್ತರ ಬರುವುದಿಲ್ಲ. ‘ನಾವಿಕ್ ಏಕೆ ಹಾಳಾಗಿದೆ?’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಿ: ಇಂದಿನ ದಿನಾಂಕಕ್ಕೆ ಸ್ಥಾನಸೇವೆ ಕೊಡುತ್ತಿರುವ ಉಪಗ್ರಹಗಳ ಹೆಸರು, ಪ್ರತಿಯೊಂದರ ನಿಗದಿತ ಆಯಸ್ಸು ಮುಗಿಯುವ ದಿನಾಂಕ, ಎನ್‌ವಿಎಸ್-03, 04, 05ಕ್ಕೆ ಮಂಜೂರಾದ ಹಣ ಮತ್ತು ಖರ್ಚಾದ ಹಣ, ಕಳೆದ 12 ತಿಂಗಳಲ್ಲಿ ಸೇವೆ ಲಭ್ಯವಿದ್ದ ಶೇಕಡಾವಾರು, ತಿಂಗಳುವಾರು. ಗಡಿಯಾರಗಳ ಒಳವಿವರ ಕೇಳಿದರೆ ಕಲಂ 8(1)(ಎ) ಅಡಿ ದೇಶದ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಬಹುದು. ಆದ್ದರಿಂದ ಅದನ್ನು ಬೇರೆಯೇ ಅರ್ಜಿಯಲ್ಲಿ ಕೇಳಿ. ಒಂದರ ನಿರಾಕರಣೆ ಉಳಿದವುಗಳನ್ನು ಎಳೆದುಕೊಂಡು ಹೋಗಬಾರದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ತೃಪ್ತಿಯಾಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು.

ಬಂದ ಉತ್ತರದ ಪ್ರತಿಯನ್ನು ಮೈಸೂರು–ಕೊಡಗು ಸಂಸದರ ಕಚೇರಿಗೆ ಕೊಟ್ಟು, ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕಲು ಕೋರಿ. ಅದರ ಜೊತೆಗೆ ಗುರುತಿನ ಕಲ್ಲಿನ ಪುಸ್ತಕದ ಹಾಳೆಗಳ ನಕಲನ್ನೂ ಲಗತ್ತಿಸಿ: ಯಾವ ತಿಂಗಳು ತ್ರಿವರ್ಣದ ಮುಂದೆ ಎಷ್ಟು ಯು ಇತ್ತು ಎಂಬುದು ಅದರಲ್ಲಿ ಇರುತ್ತದೆ.