ಮೆಡಿಕಲ್ ಸೀಟಿಗೆ ಅರ್ಹತೆ: ನಿಯಮ ಓದುವುದು ಹೇಗೆ?

ಮೆಡಿಕಲ್ ಕಾಲೇಜಿನ ಮಾಹಿತಿ ಪುಸ್ತಿಕೆ ತೆರೆದ ಕೂಡಲೇ ಹೆಚ್ಚಿನವರು ಹುಡುಕುವುದು ಒಂದೇ ಸಂಖ್ಯೆಯನ್ನು. ಎಷ್ಟು ಪರ್ಸೆಂಟ್ ಬೇಕು? ಅದು ಕಂಡರೆ ಪುಸ್ತಿಕೆ ಮುಚ್ಚಿಬಿಡುತ್ತಾರೆ. ಆದರೆ ಆ ಪರ್ಸೆಂಟ್ ಯಾವ ಯಾವ ವಿಷಯಗಳದ್ದು, ಯಾವ ವರ್ಷಕ್ಕೆ ಅನ್ವಯ, ಅಷ್ಟು ಬಂದರೆ ಸೀಟೇ ಸಿಗುತ್ತದೋ ಬರೀ ಅರ್ಜಿ ಹಾಕಬಹುದೋ, ಇದೆಲ್ಲ ಅಕ್ಕಪಕ್ಕದ ಸಾಲುಗಳಲ್ಲಿರುತ್ತದೆ. ತೊಡಕು ಬರುವುದು ಆ ಸಾಲುಗಳಿಂದಲೇ.

ಯಾವ ದೇಶದ ನಿಯಮ ಬೇಕಾದರೂ ತೆಗೆದುಕೊಳ್ಳಿ, ಅದರಲ್ಲಿ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಇರುತ್ತದೆ. ನೀವು ಅರ್ಜಿ ಹಾಕಬಹುದೇ ಎಂಬುದು ಒಂದು. ಹಾಕಿದವರಲ್ಲಿ ಸೀಟು ಯಾರಿಗೆ ಎಂಬುದು ಇನ್ನೊಂದು. 'ಕನಿಷ್ಠ ಅರ್ಹತೆ' ಎಂದು ಬರೆದಿದ್ದರೆ ಅದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಈ ಎರಡನ್ನು ಕಲಸಿಕೊಂಡರೆ ಕೆಲವರು ಸುಮ್ನೆ ಹೆದರುತ್ತಾರೆ, ಇನ್ನು ಕೆಲವರು ಸುಮ್ನೆ ನಿಶ್ಚಿಂತರಾಗುತ್ತಾರೆ.

1. ದಾರಿ ಯಾವುದು ನೋಡಿ

ಭಾರತ, ಬ್ರಿಟನ್, ಐರ್ಲೆಂಡ್, ಜರ್ಮನಿಗಳಲ್ಲಿ ಹನ್ನೆರಡನೇ ತರಗತಿ ಅಥವಾ ಅದಕ್ಕೆ ಸಮನಾದ ಓದು ಮುಗಿಸಿ ನೇರ ಮೆಡಿಕಲ್‌ಗೆ ಸೇರಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್. ಆಸ್ಟ್ರೇಲಿಯಾದಲ್ಲಿ ಎರಡೂ ದಾರಿ ಇದೆ. ಬ್ರಿಟನ್ನಿನಲ್ಲೂ ಡಿಗ್ರಿ ಮುಗಿಸಿದವರಿಗೆಂದೇ ಬೇರೆ ಕೋರ್ಸುಗಳಿವೆ. ಒಂದೇ ಕಾಲೇಜು ಎರಡು ಕೋರ್ಸಿಗೆ ಎರಡು ಬಗೆಯ ಅರ್ಹತೆ ಇಟ್ಟಿರುತ್ತದೆ. ನಿಮ್ಮ ದಾರಿಯ ಪುಟವನ್ನೇ ತೆರೆದಿದ್ದೀರಾ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಇಲ್ಲಿ ತಪ್ಪಿದರೆ ಮುಂದೆ ಓದಿದ್ದೆಲ್ಲ ಬೇರೆಯವರ ನಿಯಮ.

2. ಅಂಕಕ್ಕಿಂತ ಮೊದಲು ವಿಷಯ

ಅಂಕ ಕಡಿಮೆಯಾದರೆ ಇನ್ನೊಮ್ಮೆ ಬರೆಯಬಹುದು. ಬೇಕಾದ ವಿಷಯವನ್ನೇ ಓದಿರದಿದ್ದರೆ ಒಂದೆರಡು ವರ್ಷವೇ ಹೋಗಬಹುದು. ಹಾಗಾಗಿ ವಿಷಯಗಳ ಪಟ್ಟಿಯನ್ನೇ ಮೊದಲು ಹಿಡಿಯಿರಿ.

ಭಾರತದಲ್ಲಿ ಎಂಬಿಬಿಎಸ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕೇ ಬೇಕು. ಜೀವಶಾಸ್ತ್ರದ ಬದಲು ಬಯೋಟೆಕ್ನಾಲಜಿ ಇದ್ದರೂ ನಡೆಯುತ್ತದೆ. ಜೀವಶಾಸ್ತ್ರ ಬಿಟ್ಟು ಗಣಿತದ ಕಡೆ ಹೋದವರಿಗೆ ಹಿಂದೆ ಬಾಗಿಲು ಮುಚ್ಚಿತ್ತು. 2023ರ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಸಡಿಲಿಸಿತು. ಹನ್ನೆರಡನೇ ತರಗತಿ ಮುಗಿದ ಮೇಲೂ ಮಾನ್ಯತೆ ಇರುವ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾದರೆ ಸಾಕು ಎಂದಿತು. ಹಳೆಯ ನಿಯಮ ನೆನಪಿಟ್ಟುಕೊಂಡು 'ನಿನಗೆ ಆಗಲ್ಲ ಬಿಡು' ಎನ್ನುವವರು ಈಗಲೂ ಇದ್ದಾರೆ.

ಬ್ರಿಟನ್ನಿನಲ್ಲಿ ಮಕ್ಕಳು ಸಾಮಾನ್ಯವಾಗಿ ಮೂರು ವಿಷಯಗಳಲ್ಲಿ ಎ-ಲೆವೆಲ್ ಎಂಬ ಶಾಲೆಯ ಕೊನೆಯ ಹಂತದ ಪರೀಕ್ಷೆ ಬರೆಯುತ್ತಾರೆ. ಹೆಚ್ಚಿನ ಮೆಡಿಕಲ್ ಕಾಲೇಜುಗಳಿಗೆ ರಸಾಯನಶಾಸ್ತ್ರ ಬೇಕು. ಕೆಲವಕ್ಕೆ ಅದರ ಜೊತೆ ಜೀವಶಾಸ್ತ್ರವೂ ಕಡ್ಡಾಯ, ಕೆಲವಕ್ಕೆ ಇವೆರಡರಲ್ಲಿ ಒಂದಿದ್ದರೂ ಸಾಕು. ಮೂರನೆಯ ವಿಷಯ ಏನಾದರೂ ಆಗಬಹುದು, ಆದರೆ ಜನರಲ್ ಸ್ಟಡೀಸ್, ಕ್ರಿಟಿಕಲ್ ಥಿಂಕಿಂಗ್‌ಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲೆಂಡಿನ ವಿಜ್ಞಾನ ಎ-ಲೆವೆಲ್‌ಗಳಲ್ಲಿ ಪ್ರಾಯೋಗಿಕ ಕೆಲಸದ ಫಲಿತಾಂಶ ಗ್ರೇಡಿನಲ್ಲಿ ಸೇರುವುದಿಲ್ಲ, ಪ್ರತ್ಯೇಕವಾಗಿ ಪಾಸ್ ಎಂದು ಬರುತ್ತದೆ. ಆ ಪಾಸ್ ಕೂಡ ಬೇಕು ಎನ್ನುವ ಕಾಲೇಜುಗಳಿವೆ. ಗ್ರೇಡ್ ಚೆನ್ನಾಗಿದ್ದು ಇದನ್ನು ಮರೆತರೆ ಪೇಚಿಗೆ ಸಿಕ್ಕಂತೆಯೇ.

ಅಮೆರಿಕದ ಕಥೆ ಬೇರೆ. ಅಲ್ಲಿ ಡಿಗ್ರಿ ಯಾವುದಾದರೂ ಆಗಬಹುದು. ಸಂಗೀತವೋ ಇತಿಹಾಸವೋ ಓದಿದವರೂ ಮೆಡಿಕಲ್‌ಗೆ ಅರ್ಜಿ ಹಾಕುತ್ತಾರೆ. ಆದರೆ ಡಿಗ್ರಿಯ ಜೊತೆಗೇ ಕೆಲವು ಕೋರ್ಸುಗಳನ್ನು ಮುಗಿಸಿರಬೇಕು. ರೂಢಿಯಲ್ಲಿರುವ ಪಟ್ಟಿ ಎಂದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಒಂದೊಂದೂ ಒಂದು ವರ್ಷ, ಲ್ಯಾಬ್ ಸಮೇತ. ಬಯೋಕೆಮಿಸ್ಟ್ರಿಯನ್ನೂ ಅನೇಕ ಕಾಲೇಜುಗಳು ಕೇಳುತ್ತವೆ. ಕೆಲವು ಕಾಲೇಜುಗಳು ಮಾತ್ರ ಇಂಥ ಪಟ್ಟಿಯನ್ನೇ ಕೈಬಿಟ್ಟು, ಈ ವಿಷಯ ನಿಮಗೆ ತಿಳಿದಿದೆ ಎಂದು ತೋರಿಸಿದರೆ ಸಾಕು ಎನ್ನುತ್ತವೆ. ಇನ್ನೊಂದು ಮಾತು. ಬೇರೆ ದೇಶದಲ್ಲಿ ಡಿಗ್ರಿ ಮಾಡಿದವರಿಗೆ, ಈ ಕೋರ್ಸುಗಳನ್ನು ಅಮೆರಿಕ ಅಥವಾ ಕೆನಡಾದಲ್ಲೇ ಓದಿರಬೇಕು ಎನ್ನುವ ಕಾಲೇಜುಗಳು ಬಹಳ. ವಿದೇಶಿ ವಿದ್ಯಾರ್ಥಿಗಳನ್ನೇ ತೆಗೆದುಕೊಳ್ಳದವೂ ಬಹಳ. ಅದನ್ನು ನೋಡದೆ ಅಲ್ಲಿಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ಗೆ ತಯಾರಿ ಶುರುಮಾಡುವುದು ಬೇಡ.

ಓದುವಾಗ ಪದಗಳ ಮೇಲೆ ಕಣ್ಣಿಡಿ. 'ಕಡ್ಡಾಯ', 'ಇದ್ದರೆ ಒಳ್ಳೆಯದು', 'ಪರಿಗಣಿಸಲಾಗುವುದು', ಈ ಮೂರಕ್ಕೂ ಬೇರೆ ಬೇರೆ ತೂಕ. ಕಡ್ಡಾಯ ಅಂದಮೇಲೆ ಚೌಕಾಸಿ ಇಲ್ಲ. ಇದ್ದರೆ ಒಳ್ಳೆಯದು ಎಂದಿದ್ದರೆ ಅರ್ಜಿ ಹಾಕಬಹುದು. ಆದರೆ ಪೈಪೋಟಿ ಜಾಸ್ತಿ ಇರುವ ಕಡೆ ಅದು ಇಲ್ಲದವರು ಹಿಂದೆ ಬೀಳಬಹುದು.

3. ಅಂಕ ಯಾವುದರ ಮೇಲೆ?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಭಾರತದ ನಿಯಮ ಹೇಳುವುದು ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಕೂಡಿಸಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40. ಸಾಮಾನ್ಯ ವರ್ಗದ ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45. ಭಾಷೆಯ ಅಂಕ ಈ ಲೆಕ್ಕದಲ್ಲಿ ಬರುವುದಿಲ್ಲ. ಇಂಗ್ಲಿಷ್ ಪಾಸಾಗಿರಬೇಕು, ಅಷ್ಟೇ.

ಒಬ್ಬ ವಿದ್ಯಾರ್ಥಿಗೆ ಭಾಷೆಗಳಲ್ಲಿ ತೊಂಬತ್ತರ ಮೇಲೆ ಬಂದಿದೆ ಎಂದುಕೊಳ್ಳಿ. ಭೌತಶಾಸ್ತ್ರ 41, ರಸಾಯನಶಾಸ್ತ್ರ 46, ಜೀವಶಾಸ್ತ್ರ 61. ಅಂಕಪಟ್ಟಿಯ ಒಟ್ಟು ಪರ್ಸೆಂಟ್ ನೋಡಿದರೆ ಅರವತ್ತು ದಾಟಿರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಮೂರು ವಿಷಯ ಕೂಡಿಸಿದರೆ 300ಕ್ಕೆ 148. ಅಂದರೆ ಶೇ 49.33. ಸಾಮಾನ್ಯ ವರ್ಗದಲ್ಲಿ ಇದು ಸಾಲದು. ಮೀಸಲಾತಿಯ ಶೇ 40ರ ಮಿತಿಗೆ ಧಾರಾಳವಾಗಿ ಸಾಕು. ಹತ್ತಿರದ ಪೂರ್ಣಾಂಕಕ್ಕೆ ಏರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಮೇಲೆ ಮಾತ್ರ ಕೂರಬೇಡಿ. ಈ ಲೆಕ್ಕವನ್ನು ನೀವೇ ಪೆನ್ನು ಹಿಡಿದು ಮಾಡಿ.

ಬ್ರಿಟನ್ನಿನಲ್ಲಿ ಪರ್ಸೆಂಟ್ ಇಲ್ಲ, ಗ್ರೇಡ್. ಸಾಮಾನ್ಯವಾಗಿ ಕೇಳುವುದು ಮೂರು ಎ. ಕೇಂಬ್ರಿಡ್ಜ್‌ನಂಥ ಕಡೆ ಎರಡು ಎ-ಸ್ಟಾರ್ (ಎಗಿಂತ ಮೇಲಿನ ಗ್ರೇಡ್) ಮತ್ತು ಒಂದು ಎ. ಅರ್ಜಿ ಹಾಕುವ ಹೊತ್ತಿಗೆ ಹೆಚ್ಚಿನವರ ಫಲಿತಾಂಶ ಬಂದಿರುವುದಿಲ್ಲ, ಹಾಗಾಗಿ ಶಾಲೆಯವರು ಇಂಥ ಗ್ರೇಡ್ ಬರಬಹುದು ಎಂದು ಅಂದಾಜು ಕೊಡುತ್ತಾರೆ. ಕಾಲೇಜು 'ಇಷ್ಟು ತೆಗೆದರೆ ಸೀಟು' ಎಂಬ ಷರತ್ತಿನ ಮೇಲೆ ಆಫರ್ ಕೊಡುತ್ತದೆ. ಹಿಂದುಳಿದ ಪ್ರದೇಶ, ಕಷ್ಟದ ಹಿನ್ನೆಲೆಯಿಂದ ಬಂದ ಮಕ್ಕಳಿಗೆ ಗ್ರೇಡ್ ಸ್ವಲ್ಪ ಇಳಿಸಿ ಕೊಡುವ ಆಫರ್‌ಗಳೂ ಇವೆ. ಅರ್ಹತೆ ಇದ್ದೂ ಆ ಪುಟವನ್ನು ಓದದೇ ಬಿಟ್ಟರೆ ನಷ್ಟ ನಿಮಗೇ.

ಅಮೆರಿಕದಲ್ಲಿ ಜಿಪಿಎ, ಅಂದರೆ ಕೋರ್ಸುಗಳ ಗ್ರೇಡಿನ ಸರಾಸರಿ. ಅದನ್ನೂ ಎರಡು ಬಗೆಯಲ್ಲಿ ನೋಡುತ್ತಾರೆ. ಎಲ್ಲ ಕೋರ್ಸುಗಳದ್ದು ಒಂದು, ವಿಜ್ಞಾನ ಮತ್ತು ಗಣಿತದ್ದು ಇನ್ನೊಂದು. ಕಾಲೇಜುಗಳಿಗೆ ಅರ್ಜಿ ತಲುಪಿಸುವ ಎಎಂಸಿಎಎಸ್ ವ್ಯವಸ್ಥೆ, ಮತ್ತೊಮ್ಮೆ ಓದಿ ಬರೆದ ಕೋರ್ಸಿನ ಹಳೆಯ ಗ್ರೇಡನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ನಿಮ್ಮ ಕಾಲೇಜಿನ ಅಂಕಪಟ್ಟಿಯಲ್ಲಿ ಅದು ಅಳಿಸಿ ಹೋಗಿದ್ದರೂ ಸರಿ.

ಕನಿಷ್ಠಕ್ಕೂ ನಿಜಕ್ಕೂ ಇರುವ ದೂರ ತಿಳಿಯಬೇಕಾದರೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯವನ್ನು ನೋಡಿ. ಅಲ್ಲಿ ಅರ್ಜಿ ಹಾಕಲು 4ಕ್ಕೆ 3.0 ಜಿಪಿಎ ಸಾಕು. ಆದರೆ ಒಳಗೆ ಹೋದವರ ಜಿಪಿಎ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. 3.0 ಎಂದು ಓದಿ ಖುಷಿಪಡುವ ಮುಂಚೆ, ಕಳೆದ ವರ್ಷ ಸೇರಿದವರ ಸರಾಸರಿ ಎಷ್ಟು ಎಂದು ಹುಡುಕುವುದು ವಾಸಿ. ಬಹಳಷ್ಟು ಕಾಲೇಜುಗಳು ಅದನ್ನು ಪ್ರಕಟಿಸುತ್ತವೆ.

4. ಪ್ರವೇಶ ಪರೀಕ್ಷೆಯ ಅಂಕ

ಭಾರತದ ನೀಟ್ 720 ಅಂಕದ ಪರೀಕ್ಷೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಸಾಮಾನ್ಯ ವರ್ಗಕ್ಕೆ ಅರ್ಹತೆ 50ನೇ ಪರ್ಸೆಂಟೈಲ್. ಇದನ್ನು 'ಶೇ 50 ಅಂಕ' ಎಂದು ಓದಿಕೊಂಡು 360 ಬೇಕೇನೋ ಎಂದು ಗಾಬರಿ ಬೀಳುವವರು ಕಡಿಮೆ ಇಲ್ಲ. ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರ ನಡುವೆ ನಿಮ್ಮ ಜಾಗ. 50ನೇ ಪರ್ಸೆಂಟೈಲ್ ಎಂದರೆ ಬರೆದವರಲ್ಲಿ ಅರ್ಧದಷ್ಟು ಜನ ನಿಮಗಿಂತ ಕೆಳಗಿದ್ದಾರೆ ಎಂದು. 2023ರಲ್ಲಿ ಆ ಮಿತಿ 137 ಅಂಕಕ್ಕೆ ನಿಂತಿತು, 2025ರಲ್ಲಿ 144ಕ್ಕೆ. 720ಕ್ಕೆ 144 ಎಂದರೆ ಸರಿಯಾಗಿ ಶೇ 20.

ಹಾಗಾದರೆ 144 ಬಂದರೆ ಡಾಕ್ಟರ್ ಆದಂತೆಯೇ? ಅಲ್ಲ. ಅದು ಕೌನ್ಸೆಲಿಂಗ್‌ಗೆ ಹೋಗಲು ಬೇಕಾದ ಅರ್ಹತೆ ಮಾತ್ರ. ಸರ್ಕಾರಿ ಸೀಟು ಸಿಗುವ ಅಂಕ ಅದರ ಎಷ್ಟೋ ಪಟ್ಟು. ಸೀಟು ಹಂಚುವುದು ರ‍್ಯಾಂಕಿನ ಮೇಲೆ. ಹಾಗಾಗಿ ಹಿಂದಿನ ವರ್ಷ ನಿಮ್ಮ ವರ್ಗದಲ್ಲಿ, ನೀವು ನೋಡುತ್ತಿರುವ ಕಾಲೇಜಿನಲ್ಲಿ, ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬುದೇ ನಿಮಗೆ ಬೇಕಾದ ಮಾಹಿತಿ. ಅಂಕ ಹೋಲಿಸಬೇಡಿ. ಪ್ರಶ್ನೆಪತ್ರಿಕೆ ಸುಲಭವೋ ಕಷ್ಟವೋ ಎಂಬುದರ ಮೇಲೆ ಅದು ಪ್ರತಿ ವರ್ಷ ಏರಿಳಿಯುತ್ತದೆ.

ಬ್ರಿಟನ್ನಿನ ಪ್ರವೇಶ ಪರೀಕ್ಷೆಯಾದ ಯುಕ್ಯಾಟ್‌ನಲ್ಲಿ ಪಾಸು ನಪಾಸು ಇಲ್ಲ. 2025ರಿಂದ ಅದರ ಒಂದು ಭಾಗವನ್ನೇ ತೆಗೆದುಹಾಕಿದ್ದರಿಂದ ಗರಿಷ್ಠ ಅಂಕ 3600ರಿಂದ 2700ಕ್ಕೆ ಇಳಿದಿದೆ. ಹಳೆಯ ವಿಡಿಯೋ ನೋಡಿ '2700 ಬಂದರೆ ಒಳ್ಳೆಯ ಅಂಕ' ಎಂದುಕೊಂಡರೆ ಈಗ ಪೂರ್ತಿ ಅಂಕಕ್ಕೇ ಆಸೆಪಟ್ಟಂತೆ. ಇದೇ ಪರೀಕ್ಷೆಯಲ್ಲಿ ಸಂದರ್ಭ ನೋಡಿ ತೀರ್ಮಾನಿಸುವ ಭಾಗಕ್ಕೆ ಅಂಕದ ಬದಲು 1ರಿಂದ 4ರವರೆಗೆ ಬ್ಯಾಂಡ್ ಕೊಡುತ್ತಾರೆ, 1 ಎಲ್ಲಕ್ಕಿಂತ ಮೇಲು, 4 ಎಲ್ಲಕ್ಕಿಂತ ಕೆಳಗೆ. ಉಳಿದದ್ದರಲ್ಲಿ ಎಷ್ಟೇ ಬಂದರೂ 4ನೇ ಬ್ಯಾಂಡ್ ಬಂದವರನ್ನು ಪರಿಗಣಿಸದ ಕಾಲೇಜುಗಳಿವೆ. ಬ್ರಿಟನ್ನಿನ ಇನ್ನೊಂದು ಪ್ರವೇಶ ಪರೀಕ್ಷೆಯಾಗಿದ್ದ ಬಿಮ್ಯಾಟ್ ಬರೆಯಿರಿ ಎಂದು ಯಾರಾದರೂ ಹೇಳಿದರೆ ಅವರ ಮಾಹಿತಿ ಹಳತು. ಆ ಪರೀಕ್ಷೆ 2023ಕ್ಕೇ ನಿಂತಿತು.

ಅಮೆರಿಕದ ಎಂಕ್ಯಾಟ್ ಅಂಕ 472ರಿಂದ 528ರವರೆಗೆ. ಸೇರಿದವರ ಸರಾಸರಿ ಇತ್ತೀಚಿನ ವರ್ಷಗಳಲ್ಲಿ 511ರ ಆಸುಪಾಸು. ಒಂದೇ ಪರೀಕ್ಷೆಯನ್ನು ಎಲ್ಲರೂ ಒಂದೇ ರೀತಿ ಬಳಸುವುದಿಲ್ಲ ಎಂಬುದಕ್ಕೆ ಮತ್ತೆ ಮೆಕ್‌ಮಾಸ್ಟರ್ ಉದಾಹರಣೆ. ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಅವರು ನೋಡುವುದು ಓದಿ ಅರ್ಥಮಾಡಿಕೊಳ್ಳುವ ಭಾಗದ ಅಂಕವನ್ನು ಮಾತ್ರ.

5. ತಾರೀಖಿಗೆ ಸಂಬಂಧಿಸಿದ ನಿಯಮಗಳು

ಇವು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿ ಚಿಕ್ಕ ಅಕ್ಷರದಲ್ಲಿರುತ್ತವೆ. ಭಾರತದಲ್ಲಿ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಯುಕ್ಯಾಟ್ ಅಂಕ ಆ ವರ್ಷದ ಅರ್ಜಿಗೆ ಮಾತ್ರ, ಮುಂದಿನ ವರ್ಷ ಮತ್ತೆ ಬರೆಯಬೇಕು. ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕಕ್ಕೆ ಎರಡು ವರ್ಷ ಬೆಲೆ ಇರುತ್ತದೆ. ಐರ್ಲೆಂಡಿನಲ್ಲಿ ಲೀವಿಂಗ್ ಸರ್ಟಿಫಿಕೇಟ್ ಎಂಬ ಶಾಲೆಯ ಕೊನೆಯ ಪರೀಕ್ಷೆಯ ಕನಿಷ್ಠ 480 ಪಾಯಿಂಟ್ ಒಂದೇ ವರ್ಷದ ಪರೀಕ್ಷೆಯಲ್ಲಿ ಬಂದಿರಬೇಕು, ಎರಡು ವರ್ಷದ್ದನ್ನು ಕೂಡಿಸುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಮರುಪರೀಕ್ಷೆಯ ವಿಷಯದಲ್ಲಿ ಒಂದೊಂದು ಕಾಲೇಜಿನದು ಒಂದೊಂದು ನೀತಿ. ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಮರುಪರೀಕ್ಷೆಯಾದರೆ ಗ್ರೇಡ್ ಇನ್ನೂ ಜಾಸ್ತಿ ಬೇಕು ಎನ್ನುತ್ತಾರೆ, ಮತ್ತೊಬ್ಬರು ಬೇಡವೇ ಬೇಡ ಎನ್ನುತ್ತಾರೆ.

6. ಬೇರೆ ದೇಶಕ್ಕೆ ಹೋಗುವವರು

ನಿಮ್ಮ ಹನ್ನೆರಡನೇ ತರಗತಿ ಅಲ್ಲಿಯ ಲೆಕ್ಕದಲ್ಲಿ ಯಾವುದಕ್ಕೆ ಸಮ ಎಂದು ನೋಡಿ. ಜರ್ಮನಿಯಲ್ಲಿ ಸಮ ಅಲ್ಲ ಎಂದಾದರೆ ಮೊದಲು ಸ್ಟುಡಿಯೆನ್‌ಕೊಲ್ಲೆಗ್ ಎಂಬ ತಯಾರಿ ಓದು ಮುಗಿಸಬೇಕು. ಮೆಡಿಕಲ್‌ಗೆ ಹೋಗುವವರಿಗೆ ಅದರಲ್ಲಿ 'ಎಂ ಕೋರ್ಸ್' ಎಂಬ ಪ್ರತ್ಯೇಕ ವಿಭಾಗವೇ ಇದೆ. ಜರ್ಮನ್ ಭಾಷೆಯೂ ಚೆನ್ನಾಗಿ ಬರಬೇಕು. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಶಾಲಾ ಪಠ್ಯಕ್ರಮ) ಓದಿದವರು ಬ್ರಿಟನ್ನಿಗೆ ಅರ್ಜಿ ಹಾಕುವುದಾದರೆ ರಸಾಯನಶಾಸ್ತ್ರ ಹೈಯರ್ ಲೆವೆಲ್‌ನಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಒಟ್ಟು ಪಾಯಿಂಟ್ ಎಷ್ಟಿದ್ದರೂ ಸ್ಟ್ಯಾಂಡರ್ಡ್ ಲೆವೆಲ್ ಹೆಚ್ಚಿನ ಕಡೆ ಸಾಲುವುದಿಲ್ಲ.

ಕಾಲೇಜು ಒಪ್ಪಿದರೆ ಮುಗಿಯಲಿಲ್ಲ. ಮುಂದೆ ಎಲ್ಲಿ ವೃತ್ತಿ ಮಾಡಬೇಕು ಎಂದುಕೊಂಡಿದ್ದೀರೋ ಆ ದೇಶದ ನಿಯಮವನ್ನೂ ಈಗಲೇ ಓದಬೇಕು. ಭಾರತಕ್ಕೆ ವಾಪಸ್ ಬರುವವರು ಹೊರಗೆ ಸೇರುವ ಮುಂಚೆಯೇ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. 2021ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿದ್ದು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಷಿಪ್ ಕೂಡ ಆಗಿರಬೇಕು. 'ನೀಟ್ ಬೇಡ, ಸೀಟು ಗ್ಯಾರಂಟಿ' ಎನ್ನುವ ಏಜೆಂಟರ ಮುಂದೆ ಈ ನಿಯಮವನ್ನು ಇಟ್ಟು ಉತ್ತರ ಕೇಳಿ.

7. ಅರ್ಥವಾಗದಿದ್ದರೆ ಕೇಳಿ

ಪ್ರವೇಶ ವಿಭಾಗಕ್ಕೆ ಇಮೇಲ್ ಬರೆಯಲು ಸಂಕೋಚ ಬೇಡ. 'ನಾನು ಅರ್ಹನೇ?' ಎಂದಷ್ಟೇ ಬರೆದರೆ ಜಾಲತಾಣ ನೋಡಿ ಎಂಬ ಉತ್ತರ ಬರುತ್ತದೆ. ಓದಿದ ಮಂಡಳಿ, ವರ್ಷ, ವಿಷಯಗಳು, ಅಂಕ ಎಲ್ಲ ಕೊಟ್ಟು, ನಿಯಮದ ಯಾವ ಸಾಲು ಅರ್ಥವಾಗಿಲ್ಲವೋ ಅದನ್ನೇ ಎತ್ತಿ ಬರೆಯಿರಿ. ಉದಾಹರಣೆಗೆ: 'ಜೀವಶಾಸ್ತ್ರವನ್ನು ಒಂದು ವರ್ಷದ ನಂತರ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದ್ದೇನೆ. ಎರಡು ಅಂಕಪಟ್ಟಿಗಳಿವೆ. ನಿಮ್ಮಲ್ಲಿ ಇದು ನಡೆಯುತ್ತದೆಯೇ?' ಉತ್ತರ ಬಂದರೆ ಪ್ರಿಂಟ್ ತೆಗೆದು ಅರ್ಜಿಯ ಕಾಗದಗಳ ಜೊತೆ ಇಡಿ. ಫೋನಿನಲ್ಲಿ ಯಾರೋ ಹೇಳಿದ್ದು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ, ಅಲ್ವಾ?

ಕೇಳುವುದಾದರೆ ಬೇಗ ಕೇಳಿ. ಬ್ರಿಟನ್ನಿನ ಮೆಡಿಕಲ್ ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 15, ಯುಕ್ಯಾಟ್ ಬರೆಯುವುದು ಅದಕ್ಕೂ ಮೊದಲೇ ಮುಗಿದಿರಬೇಕು. ಒಬ್ಬರು ನಾಲ್ಕು ಮೆಡಿಕಲ್ ಕೋರ್ಸಿಗೆ ಮಾತ್ರ ಅರ್ಜಿ ಹಾಕಬಹುದು. ಆ ನಾಲ್ಕನ್ನು ಆರಿಸುವ ಮುಂಚೆ ಉತ್ತರ ಕೈಯಲ್ಲಿರಬೇಕಾದರೆ ಬೇಸಿಗೆಯಲ್ಲೇ ಇಮೇಲ್ ಹೋಗಿರಬೇಕು.