ಅಮೆರಿಕದ ಮನೆಯಲ್ಲಿ ನೆಲ ಕಿರುಗುಟ್ಟಿದರೆ ಏನು ಮಾಡಬೇಕು?

ನಮ್ಮೂರಿನ ಕಾಂಕ್ರೀಟ್ ಮನೆಗಳಲ್ಲಿ ಬೆಳೆದವರಿಗೆ ನೆಲ ಸದ್ದು ಮಾಡೋದೇ ಹೊಸದು. ಅಮೆರಿಕದಲ್ಲಿ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು, ಅಲ್ವಾ? ಸಾಮಾನ್ಯವಾಗಿ 16 ಇಂಚಿಗೊಂದು ಜಾಯಿಸ್ಟ್, ಅಂದರೆ ತೊಲೆ ಇರುತ್ತದೆ. ಅದರ ಮೇಲೆ ಮೊಳೆ ಹೊಡೆದ ಪ್ಲೈವುಡ್ ಹಲಗೆ. ಚಳಿಗಾಲದಲ್ಲಿ ಹೀಟರ್ ಗಾಳಿಗೆ ಮರ ಒಣಗಿ ಕುಗ್ಗುತ್ತದೆ, ಮೊಳೆ ಸಡಿಲವಾಗುತ್ತದೆ. ಕಾಲಿಟ್ಟಾಗ ಹಲಗೆ ಮೊಳೆಗೆ ಉಜ್ಜಿ ಕಿರ್ ಅನ್ನುತ್ತದೆ. ಬರೀ ಸದ್ದಾದರೆ ಗಾಬರಿ ಬೇಡ. ನೆಲ ಮೆತ್ತಗಾಗಿದ್ದರೆ, ಜಗ್ಗುತ್ತಿದ್ದರೆ ತಕ್ಷಣ ತಿಳಿದವರಿಗೆ ತೋರಿಸಿ.

ಡ್ರಿಲ್ ಹಿಡಿಯುವ ಮೊದಲು ನೆಲ ಯಾರದು ಅಂತ ನೋಡಿಕೊಳ್ಳಿ. ಬಾಡಿಗೆ ಮನೆಯಾದರೆ ನೀವು ಕೈ ಹಾಕಬೇಡಿ, ಡೆಪಾಸಿಟ್‌ಗೆ ಕತ್ತರಿ ಬೀಳಬಹುದು. ಓನರ್‌ಗೆ ಬರಹದಲ್ಲೇ ತಿಳಿಸಿ. ಕಾಂಡೊ, ಅಂದರೆ ದೊಡ್ಡ ಕಟ್ಟಡದಲ್ಲಿ ಸ್ವಂತ ಫ್ಲಾಟ್ ಆದರೆ, ಮಾಲೀಕರ ಅಸೋಸಿಯೇಷನ್ ನಿಯಮ ಓದಿ. ನೆಲದ ಕೆಳಗಿನ ತೊಲೆಗಳು ಎಷ್ಟೋ ಕಡೆ ಎಲ್ಲರಿಗೂ ಸೇರಿದ್ದು. ಹೊಸ ಮನೆ ಕೊಂಡಿದ್ದರೆ ಬಿಲ್ಡರ್ ವಾರಂಟಿ ತೆಗೆದು ನೋಡಿ. ಕೆಲಸದ ದೋಷಕ್ಕೆ ಸಾಮಾನ್ಯವಾಗಿ ಮೊದಲ 1 ವರ್ಷ ಮಾತ್ರ. ಅದು ಮುಗಿಯುವ ಮೊದಲೇ ದೂರು ಕೊಡಿ.

ಸ್ವಂತ ಮನೆ, ಕೆಳಗೆ ಸೀಲಿಂಗ್ ಹಾಕದ ಬೇಸ್‌ಮೆಂಟ್, ಅಂದರೆ ನೆಲಮಾಳಿಗೆ ಇದ್ದರೆ ಕೆಲಸ ಸುಲಭ. ಒಬ್ಬರು ಮೇಲೆ ನಡೆಯಲಿ, ನೀವು ಕೆಳಗೆ ಟಾರ್ಚ್ ಹಿಡಿದು ನಿಲ್ಲಿ. ಹಲಗೆ ಅಲುಗುವ ಜಾಗ ಕಣ್ಣಿಗೇ ಕಾಣುತ್ತದೆ. ತೊಲೆಗೂ ಹಲಗೆಗೂ ನಡುವಿನ ಸಂದಿಗೆ ಅಂಟು ಹಚ್ಚಿದ ತೆಳು ಮರದ ಬೆಣೆ ತೂರಿಸಿ. ಕೈಯಲ್ಲಿ ಒತ್ತಿದರೆ ಸಾಕು. ಸುತ್ತಿಗೆಯಿಂದ ಬಡಿದರೆ ಹಲಗೆ ಮೇಲೆದ್ದು ಪಕ್ಕದಲ್ಲಿ ಹೊಸ ಸದ್ದು ಶುರುವಾಗುತ್ತದೆ.

ಮೇಲೆ ಕಾರ್ಪೆಟ್, ಕೆಳಗೆ ಸೀಲಿಂಗ್ ಇದ್ದರೆ? ಅದಕ್ಕೆಂದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟ್ ಸಿಗುತ್ತದೆ. ಅದರ ಸ್ಕ್ರೂ ಕಾರ್ಪೆಟ್ ಮೂಲಕವೇ ಇಳಿದು, ತಲೆ ಮುರಿದು ಉಳಿದ ಭಾಗ ಹಲಗೆಯೊಳಗೆ ಅಡಗುತ್ತದೆ. ಮೊದಲು ತೊಲೆ ಹುಡುಕಿ. ಸ್ಕ್ರೂ ಕೊನೆಯವರೆಗೂ ಬಿಗಿಯಾಗಿ ಇಳಿದರೆ ತೊಲೆ ಸಿಕ್ಕಿದೆ ಅಂತ. ಹಲಗೆ ದಾಟಿ ಸಲೀಸಾಗಿ ತಿರುಗಿದರೆ ತಪ್ಪಿದೆ, ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಬಾತ್‌ರೂಮ್ ಹತ್ತಿರ ಸುಮ್ನೆ ಸ್ಕ್ರೂ ಇಳಿಸಬೇಡಿ, ಕೆಳಗೆ ಪೈಪ್ ಇರಬಹುದು.

ಕಾರ್ಪೆಟ್ ಇಲ್ಲದ ಮರದ ನೆಲವಾದರೆ ಪಟ್ಟಿಗಳ ಸಂದಿಗೆ ಟಾಲ್ಕಂ ಪೌಡರ್ ಉಜ್ಜಿದರೂ ಸದ್ದು ತಗ್ಗುತ್ತದೆ, ಆದರೆ ಜಾಸ್ತಿ ದಿನ ನಿಲ್ಲುವುದಿಲ್ಲ. 1980ಕ್ಕಿಂತ ಹಳೆಯ ಮನೆಯ ವಿನೈಲ್ ಟೈಲ್ಸ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಪರೀಕ್ಷೆ ಮಾಡಿಸದೆ ಆ ಟೈಲ್ಸ್ ಕೊರೆಯಲೇಬೇಡಿ.