ಬೋಟ್ ಇಂಜಿನ್ನಿನ ಕೂಲೆಂಟ್ ಹೋಸ್: ನೋಡಿದರೆ ಸಾಲದು, ಒತ್ತಿ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಒಟ್ಟು 61 ದಿನ. ಬಲೆ ರಿಪೇರಿ, ಬಣ್ಣ, ಇಂಜಿನ್ ಆಯಿಲ್ ಎಲ್ಲ ಆಗುತ್ತದೆ. ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಹರಿಯುವ ರಬ್ಬರ್ ಹೋಸ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ, ಯಾಕಂದ್ರೆ ಹೊರಗಿನಿಂದ ಅದು ಚೆನ್ನಾಗೇ ಕಾಣುತ್ತದೆ.

ನಾನೂ ಹಾಗೇ ಬಿಟ್ಟಿದ್ದೆ. ಮಲ್ಪೆಯಿಂದ ಹೊರಟು ಅರ್ಧ ದಿನ ಆಗಿತ್ತು, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟ್ ಬಿಡುವ ವಾಲ್ವ್) ಪಕ್ಕದ ಹೋಸ್ ಸೀಳಿತು. ಟೆಂಪರೇಚರ್ ಮುಳ್ಳು ಸರ್ರನೆ ಏರಿ ಮತ್ತೆ ಇಳಿಯಿತು, ಬೋಟ್ ನಡೆಸುವ ತಾಂಡೇಲರು ‘ಸರಿ ಹೋಯ್ತು’ ಅಂದುಕೊಂಡು ಓಡಿಸುತ್ತಲೇ ಇದ್ದರು. ಸರಿಯೇನೂ ಹೋಗಿರಲಿಲ್ಲ. ಕೂಲೆಂಟ್ ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿತ್ತು, ಅದಕ್ಕೆ ಮುಳ್ಳು ಇಳಿದದ್ದು. ಇಂಜಿನ್ನಿನ ಮೇಲ್ಭಾಗದ (ಹೆಡ್) ಕೆಳಗೆ ಸೋರದಂತೆ ಕೂರಿಸುವ ಹೆಡ್ ಗ್ಯಾಸ್ಕೆಟ್ ಹೋಯಿತು, ಇನ್ನೊಂದು ಬೋಟು ನಮ್ಮನ್ನು ಎಳೆದು ತಂದಿತು. ಓಡುತ್ತಿರುವ ಇಂಜಿನ್ನಿನ ಮುಳ್ಳು ಏರಿ ತಾನಾಗಿ ಬಿದ್ದರೆ ಮೊದಲು ಇಂಜಿನ್ ಆಫ್ ಮಾಡಿ, ಮಿಕ್ಕಿದ್ದು ಆಮೇಲೆ.

ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿನಿಂದ ಕೂಲೆಂಟನ್ನು ತಣ್ಣಗೆ ಮಾಡುವ ಭಾಗ) ಇರುವ ಇಂಜಿನ್ನಿನಲ್ಲಿ ಎರಡು ಬಗೆಯ ಹೋಸ್ ಇರುತ್ತವೆ. ಒಂದರಲ್ಲಿ ಕೂಲೆಂಟ್ ಸುತ್ತುತ್ತದೆ, ಇನ್ನೊಂದರಲ್ಲಿ ಸಮುದ್ರದ ನೀರು ಒಳಗೆ ಬಂದು ಹೊರಗೆ ಹೋಗುತ್ತದೆ. ಮೊದಲನೆಯದು ಒಡೆದರೆ ಇಂಜಿನ್ ಹೋಗುತ್ತದೆ. ಎರಡನೆಯದು ಒಡೆದರೆ ಬೋಟೇ ಹೋಗಬಹುದು: ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ ಒಂದು ಇಂಚಿನ ಹೋಸ್ ಕಿತ್ತು ಬಂದರೆ ನಿಮಿಷಕ್ಕೆ ಸುಮಾರು 60 ಲೀಟರ್ ನೀರು ಒಳಗೆ ನುಗ್ಗುತ್ತದೆ. ಹಾಗಾಗಿ ನೀರು ಒಳಗೆ ಬರುವ ವಾಲ್ವ್ ಈಗಲೇ ತಿರುಗಿಸಿ ನೋಡಿ. ಎಷ್ಟೋ ಬೋಟುಗಳಲ್ಲಿ ಅದು ತುಕ್ಕು, ಉಪ್ಪು ಹಿಡಿದು ಅಲ್ಲಾಡುವುದೇ ಇಲ್ಲ, ಮತ್ತೆ ಕತ್ತಲಲ್ಲಿ ಅದನ್ನು ತಿರುಗಿಸುವವರು ಯಾರು?

ಹೋಸ್ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ. ಕೂಲೆಂಟ್ ಮತ್ತು ಇಂಜಿನ್ನಿನ ಲೋಹದ ನಡುವೆ ಬ್ಯಾಟರಿಯಲ್ಲಿ ಆಗುವಂಥದ್ದೇ ಒಂದು ಸಣ್ಣ ಕ್ರಿಯೆ ನಡೆದು, ರಬ್ಬರಿನ ಒಳಪದರದಲ್ಲಿ ಉದ್ದಕ್ಕೆ ಬಿರುಕು ಬೀಳುತ್ತದೆ, ಅದೂ ಕ್ಲಿಪ್‌ನಿಂದ ಎರಡು ಇಂಚಿನ ಒಳಗೇ ಜಾಸ್ತಿ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಹೆಬ್ಬೆರಳು, ತೋರುಬೆರಳಲ್ಲಿ ಹೋಸ್‌ನ ನಡುಭಾಗ ಹಿಸುಕಿ, ಆಮೇಲೆ ಕ್ಲಿಪ್ ಪಕ್ಕ ಹಿಸುಕಿ. ಎರಡೂ ಒಂದೇ ಥರ ಇರಬೇಕು. ತುದಿ ಮೆತ್ತಗೆ, ಹಣ್ಣಾದ ಹಾಗೆ ಸಿಕ್ಕರೆ ಬದಲಿಸಿ. ಒತ್ತಿದಾಗ ಕರಕರ ಅಂದರೂ, ಕಲ್ಲಿನ ಹಾಗೆ ಗಟ್ಟಿಯಾಗಿದ್ದರೂ ಬದಲಿಸಿ. ಸಾಮಾನ್ಯ ಕೂಲೆಂಟ್ ಹೋಸ್ ಇಪಿಡಿಎಂ ಅನ್ನುವ ಕೃತಕ ರಬ್ಬರಿನದು. ಅದು ಬಿಸಿ ತಡೆಯುತ್ತದೆ, ಆದರೆ ಡೀಸೆಲ್ ಅಥವಾ ಆಯಿಲ್ ಹನಿ ಬೀಳುತ್ತಿದ್ದರೆ ಉಬ್ಬುತ್ತದೆ. ಹೋಸ್ ಬದಲಿಸಿ ಆ ಹನಿಯನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ಮತ್ತೆ ಇದೇ ಕೆಲಸ.

ಹಳೇ ಹೋಸ್ ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಲು ಹೋದರೆ ಪೈಪ್‌ನ ಬಾಯಿ ಗೀಚುತ್ತದೆ, ಆಮೇಲೆ ಅಲ್ಲೇ ಸೋರುತ್ತದೆ. ಹೇಗೂ ಎಸೆಯುವ ಹೋಸ್ ತಾನೇ, ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ಸುಲಿದು ತೆಗೆಯಿರಿ. ಬಾಯಿಯ ತುಕ್ಕು, ಬಿಳಿ ಪುಡಿ ಉಜ್ಜಿ ತೆಗೆಯಿರಿ. ಹೊಸದನ್ನು ತೂರಿಸಲು ಸೋಪಿನ ನೀರು ಸಾಕು, ಗ್ರೀಸ್ ಬೇಡವೇ ಬೇಡ. ಸಮುದ್ರದ ನೀರನ್ನು ಪಂಪ್ ಎಳೆಯುವ ಕಡೆಗೆ ಒಳಗೆ ತಂತಿ ಇರುವ ಹೋಸ್ ಹಾಕಿ, ಇಲ್ಲದಿದ್ದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ.

ಕ್ಲಿಪ್ ಕೊಳ್ಳುವಾಗ ಜೇಬಲ್ಲಿ ಸಣ್ಣ ಮ್ಯಾಗ್ನೆಟ್ ಇರಲಿ. ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಮಾಮೂಲಿ ಕಬ್ಬಿಣ, ಇಂಥವು ಅಂಗಡಿಯಲ್ಲಿ ಬೇಕಾದಷ್ಟಿವೆ. ಸ್ಕ್ರೂಗೆ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದರೆ ವಾಪಸ್ ಕೊಡಿ. ಉಪ್ಪುನೀರಿಗೆ 316 ಗ್ರೇಡ್ ಸ್ಟೇನ್‌ಲೆಸ್ ಒಳ್ಳೆಯದು. ನೀರಿನ ಮಟ್ಟದ ಕೆಳಗೆ, ಪೈಪ್‌ನ ಬಾಯಿ ಉದ್ದ ಇದ್ದರೆ ಎರಡೆರಡು ಕ್ಲಿಪ್ ಹಾಕಿ. ರಬ್ಬರ್ ಬಿಸಿಗೆ ಸ್ವಲ್ಪ ತಗ್ಗಿ ಕೂರುತ್ತದೆ, ಹಾಗಾಗಿ ಒಂದು ಸಲ ಓಡಿಸಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಕತ್ತರಿಸುವಷ್ಟು ಬಿಗಿ ಬೇಡ.

ಕೂಲೆಂಟ್ ತುಂಬುವಾಗ ನಲ್ಲಿ ನೀರು ಬೆರೆಸಬೇಡಿ, ಡಿಸ್ಟಿಲ್ಡ್ ವಾಟರ್ ಬೆರೆಸಿ. ಮೆಲ್ಲಗೆ ತುಂಬಿ, ಮುಚ್ಚಳ ತೆಗೆದೇ ಇಂಜಿನ್ ಐಡ್ಲಿಂಗ್‌ನಲ್ಲಿ ಇಡಿ. ಥರ್ಮೋಸ್ಟಾಟ್ ತೆರೆದಾಗ ಒಳಗಿನ ಗಾಳಿ ಗುಳುಗುಳು ಅಂತ ಬಂದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ.

ಸಮುದ್ರದ ಮಧ್ಯೆ ಒಡೆದರೆ? ಇಂಜಿನ್ ನಿಲ್ಲಿಸಿ, ಸಾಕಷ್ಟು ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೆ ಹಾರುತ್ತದೆ. ತುದಿಯಲ್ಲಿ ಸೀಳಿದ್ದು, ಹೋಸ್ ಸ್ವಲ್ಪ ಸಡಿಲ ಇದ್ದರೆ, ಆ ತುದಿ ಕತ್ತರಿಸಿ ಮತ್ತೆ ಕ್ಲಿಪ್ ಹಾಕಿ. ನಡುವೆ ಸೀಳಿದ್ದರೆ ಒರೆಸಿ ಒಣಗಿಸಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಎಳೆದೆಳೆದು ಸುತ್ತಿ. ಕುಡಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಬಿಸಿ ಹೆಡ್‌ಗೆ ತಣ್ಣೀರು ಒಮ್ಮೆಗೇ ಸುರಿದರೆ ಅದು ಬಿರಿಯಬಹುದು. ಮುಚ್ಚಳವನ್ನು ಮೊದಲ ಹಲ್ಲಿಗಷ್ಟೇ ತಿರುಗಿಸಿಟ್ಟರೆ ಒಳಗೆ ಪ್ರೆಶರ್ ಏರುವುದಿಲ್ಲ, ಸೋರುವುದೂ ಕಡಿಮೆ. ಆದರೆ ಬೇಗ ಕುದಿಯುತ್ತದೆ, ಅದಕ್ಕೆ ಕಡಿಮೆ ಆರ್‌ಪಿಎಂನಲ್ಲಿ ಮೆಲ್ಲಗೆ ಬನ್ನಿ, ಒಬ್ಬರು ಇಂಜಿನ್ ರೂಮಿನಲ್ಲೇ ಇರಲಿ.

ನಮ್ಮ ಬೋಟಿನಲ್ಲಿ ಈಗ ಒಂದು ಡಬ್ಬಿ ಇದೆ: ಎರಡು ಸೈಜಿನ ಹೋಸ್ ತುಂಡು, ಆರು ಕ್ಲಿಪ್, ಟೇಪ್, ಬ್ಲೇಡು. ಬಾಗಿದ ಹೋಸ್ ಇರುವ ಜಾಗಕ್ಕೆ ನೇರ ತುಂಡು ಹಾಕಿದರೆ ಮಡಚಿಕೊಳ್ಳುತ್ತದೆ, ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಆ ಬಾಗಿದ್ದನ್ನು ಹೊಸದೇ ಒಂದು ಜಾಸ್ತಿ ಕೊಂಡಿಟ್ಟುಕೊಂಡಿದ್ದೇವೆ.